ಭಯೋತ್ಪಾದನೆಯ ವ್ಯಾಖ್ಯಾನ: ರಾಜತಾಂತ್ರಿಕ ಯತ್ನಗಳು ಮತ್ತು ಕರ್ನಾಟಕ

ಭಯೋತ್ಪಾದನೆ ಎಂದರೇನು ಎಂಬುದಕ್ಕೆ ಎಲ್ಲ ದೇಶಗಳೂ ಒಪ್ಪಿದ ಕಾನೂನು ವ್ಯಾಖ್ಯಾನ ಇಂದಿಗೂ ಇಲ್ಲ. 1937ರಲ್ಲಿ ಜಿನೀವಾದಲ್ಲಿ ಮೊದಲ ಕರಡಿಗೆ ಸಹಿ ಬಿತ್ತು. ಅಲ್ಲಿಂದ ಇಲ್ಲಿಯವರೆಗೆ ಮಾತುಕತೆ ಮುಂದುವರಿದೇ ಇದೆ. ವಿಮಾನ ಅಪಹರಣ, ಒತ್ತೆಸೆರೆ, ಜನಜಂಗುಳಿಯಲ್ಲಿ ಬಾಂಬ್ ಇಡುವುದು, ಇವೆಲ್ಲ ಅಪರಾಧಗಳೆಂಬ ಬಗ್ಗೆ ಯಾರದೂ ತಕರಾರಿಲ್ಲ. ಇಂಥದ್ದನ್ನು ಮಾಡಿದವರು ಯಾರು, ಯಾರ ವಿರುದ್ಧ ಮಾಡಿದರು ಎಂದು ಕೇಳಿದೊಡನೆ ಸಭೆ ಎರಡು ಪಾಲಾಗುತ್ತದೆ. ಈ ಇತಿಹಾಸದಲ್ಲಿ ಕರ್ನಾಟಕ ಹಲವು ಸಲ ಬಂದುಹೋಗುತ್ತದೆ: 1986ರ ಬೆಂಗಳೂರು ಸಾರ್ಕ್ ಶೃಂಗಸಭೆ, ಮೈಸೂರಿನ ಟಾಡಾ ನ್ಯಾಯಾಲಯ, ಎಚ್.ಡಿ. ದೇವೇಗೌಡರ ಕಾಲದಲ್ಲಿ ಭಾರತ ವಿಶ್ವಸಂಸ್ಥೆಗೆ ಕೊಟ್ಟ ಕರಡು.

ಜಿನೀವಾ ಮತ್ತು ಈಸೂರು

1934ರ ಅಕ್ಟೋಬರ್ 9ರಂದು ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಯುಗೊಸ್ಲಾವಿಯದ ದೊರೆ ಅಲೆಕ್ಸಾಂಡರ್ ಹತ್ಯೆಯಾಯಿತು. ಜೊತೆಯಲ್ಲಿದ್ದ ಫ್ರೆಂಚ್ ವಿದೇಶಾಂಗ ಸಚಿವ ಲೂಯಿ ಬಾರ್ತೂ ಕೂಡ ಉಳಿಯಲಿಲ್ಲ. ಸಂಚುಗಾರರು ಇಟಲಿಯಲ್ಲಿದ್ದರು. ಇದು ರಾಜಕೀಯ ಅಪರಾಧ ಎಂಬ ಕಾರಣ ಕೊಟ್ಟು ಟೂರಿನ್‌ನ ನ್ಯಾಯಾಲಯ ಅವರನ್ನು ಫ್ರಾನ್ಸಿಗೆ ಒಪ್ಪಿಸಲು ನಿರಾಕರಿಸಿತು. ಈ ಬಾಗಿಲನ್ನು ಮುಚ್ಚಬೇಕೆಂದು ಫ್ರಾನ್ಸ್ ಪಟ್ಟು ಹಿಡಿದುದರ ಫಲವಾಗಿ 1937ರ ನವೆಂಬರ್ 16ರಂದು ರಾಷ್ಟ್ರಸಂಘದ ಒಡಂಬಡಿಕೆ ಸಿದ್ಧವಾಯಿತು. ಒಂದು ರಾಜ್ಯದ ವಿರುದ್ಧ ನಡೆದ, ಜನರ ಮನಸ್ಸಿನಲ್ಲಿ ಭೀತಿ ಹುಟ್ಟಿಸುವ ಉದ್ದೇಶದ ಅಪರಾಧ ಎಂಬುದು ಅದರ ವ್ಯಾಖ್ಯಾನದ ತಿರುಳು. 24 ದೇಶಗಳು ಸಹಿ ಹಾಕಿದವು. ಆದರೆ ಕಡೆಗೆ ಅನುಮೋದಿಸಿದ್ದು ಒಂದೇ ಒಂದು ದೇಶ, 1941ರಲ್ಲಿ, ಬ್ರಿಟಿಷ್ ಆಳ್ವಿಕೆಯ ಭಾರತ. ಬಂಗಾಳದ ಕ್ರಾಂತಿಕಾರಿಗಳನ್ನು ಭಯೋತ್ಪಾದಕರೆಂದು ಕರೆದು ವಿಶೇಷ ಕಾಯ್ದೆಗಳಿಂದ ಹತ್ತಿಕ್ಕುತ್ತಿದ್ದ ಸರ್ಕಾರಕ್ಕೆ ಆ ಕರಡು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಒಡಂಬಡಿಕೆ ಜಾರಿಗೆ ಬರಲೇ ಇಲ್ಲ.

ಆಗಿನ ಕಾಲದ ತೊಡಕನ್ನು ಅರಿಯಲು ಶಿವಮೊಗ್ಗ ಜಿಲ್ಲೆಯ ಈಸೂರನ್ನು ನೋಡಿದರೆ ಸಾಕು. 1942ರ ಚಳವಳಿಯಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ಸೆಪ್ಟೆಂಬರ್ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರು ಮತ್ತು ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಕೊಲೆಯಾದರು. ಮೈಸೂರು ಸಂಸ್ಥಾನ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿತು. ಇಂದು ಅವರು ಹುತಾತ್ಮರು. 1937ರ ಮಾತುಗಳನ್ನು ಅಕ್ಷರಶಃ ಹಿಡಿದರೆ ಈಸೂರಿನವರನ್ನು ಎಲ್ಲಿ ನಿಲ್ಲಿಸಬೇಕು? ಸ್ವಾತಂತ್ರ್ಯ ಪಡೆದ ಏಷ್ಯಾ, ಆಫ್ರಿಕಾ ದೇಶಗಳು ಮುಂದೆ ವಿಶ್ವಸಂಸ್ಥೆಯಲ್ಲಿ ಎತ್ತಿದ್ದು ಇದೇ ಪ್ರಶ್ನೆಯನ್ನು.

1972ರ ಮ್ಯೂನಿಕ್ ಒಲಿಂಪಿಕ್ಸ್ ಹತ್ಯೆಗಳ ನಂತರ ಮಹಾಪ್ರಧಾನ ಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್ ವಿಷಯವನ್ನು ಸಾಮಾನ್ಯ ಸಭೆಯ ಮುಂದೆ ಇಟ್ಟರು. 35 ಸದಸ್ಯರ ಸಮಿತಿ ನೇಮಕವಾಯಿತು. 1979ರವರೆಗೆ ಮೂರು ಬಾರಿ ವರದಿ ಕೊಟ್ಟರೂ ವ್ಯಾಖ್ಯಾನ ಕೈಗೂಡಲಿಲ್ಲ. ಅಷ್ಟರಲ್ಲಿ ರಾಜತಾಂತ್ರಿಕರು ಅಡ್ಡದಾರಿಯೊಂದನ್ನು ಹಿಡಿದಿದ್ದರು. ಇಡೀ ಪದವನ್ನು ವಿವರಿಸುವ ಗೋಜಿಗೆ ಹೋಗದೆ ಒಂದೊಂದೇ ಕೃತ್ಯಕ್ಕೆ ಒಂದೊಂದು ಒಡಂಬಡಿಕೆ: ವಿಮಾನ ಅಪಹರಣಕ್ಕೆ 1970ರ ಹೇಗ್, ವಿಮಾನದ ಸುರಕ್ಷತೆಗೆ 1971ರ ಮಾಂಟ್ರಿಯಲ್, ರಾಜತಾಂತ್ರಿಕರ ರಕ್ಷಣೆಗೆ 1973ರ ನ್ಯೂಯಾರ್ಕ್, ಒತ್ತೆಸೆರೆಗೆ 1979ರದು. ಇದು ನುಣುಚಿಕೊಳ್ಳುವ ಉಪಾಯ ಎಂದು ಟೀಕಿಸಿದವರಿದ್ದಾರೆ. ಆದರೆ ಕೆಲಸಕ್ಕೆ ಬಂದದ್ದು ಇದೊಂದೇ.

ಬೆಂಗಳೂರು, ನವೆಂಬರ್ 1986

ಸಾರ್ಕ್‌ನ ಎರಡನೇ ಶೃಂಗಸಭೆ 1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ನಡೆಯಿತು. ರಾಜೀವ್ ಗಾಂಧಿ ಆತಿಥೇಯರು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಶ್ರೀಲಂಕಾದ ಜೆ.ಆರ್. ಜಯವರ್ಧನೆ, ಪಾಕಿಸ್ತಾನದ ಮೊಹಮ್ಮದ್ ಖಾನ್ ಜುನೇಜೊ, ಬಾಂಗ್ಲಾದೇಶದ ಎರ್ಷಾದ್, ನೇಪಾಳ ಮತ್ತು ಭೂತಾನಿನ ದೊರೆಗಳು, ಮಾಲ್ಡೀವ್ಸ್‌ನ ಗಯೂಮ್ ಬಂದಿದ್ದರು. ಸಭೆಯ ಘೋಷಣೆ ಭಯೋತ್ಪಾದನೆಯ ಎಲ್ಲ ಕೃತ್ಯ, ವಿಧಾನ ಮತ್ತು ರೂಢಿಗಳನ್ನು ಅಪರಾಧವೆಂದು ನಿಸ್ಸಂದಿಗ್ಧವಾಗಿ ಖಂಡಿಸಿತು. ಇನ್ನೊಂದು ದೇಶದಲ್ಲಿ ಇಂಥ ಕೃತ್ಯಗಳಿಗೆ ಕುಮ್ಮಕ್ಕು ಕೊಡಕೂಡದೆಂಬ ವಿಶ್ವಸಂಸ್ಥೆಯ ತತ್ವವನ್ನೂ ಎತ್ತಿಹಿಡಿಯಿತು. 1985ರ ಡಿಸೆಂಬರ್‌ನ ಸಾಮಾನ್ಯ ಸಭೆಯ ನಿರ್ಣಯದ ಭಾಷೆಯೇ ಇಲ್ಲಿ ಮರುಕಳಿಸಿದೆ. ಖಂಡಿಸಿದ್ದು ಏನನ್ನು ಎಂಬ ವಿವರಣೆ ಮಾತ್ರ ಎರಡರಲ್ಲೂ ಇಲ್ಲ.

ಘೋಷಣೆಗಿಂತ ಹೆಚ್ಚು ಹೇಳುವುದು ಸಭಾಂಗಣದ ಆಚೆ ನಡೆದದ್ದು. ಶೃಂಗಸಭೆಗೆ ಒಂದು ವಾರ ಮುಂಚೆ, ನವೆಂಬರ್ 8ರಂದು, ತಮಿಳುನಾಡು ಪೊಲೀಸರು ಮದ್ರಾಸಿನಲ್ಲಿದ್ದ ಲಂಕಾ ತಮಿಳು ಬಂಡುಕೋರರ ಅಡ್ಡೆಗಳ ಮೇಲೆ ದಾಳಿ ನಡೆಸಿ ಆಯುಧ ಕಿತ್ತುಕೊಂಡಿದ್ದರು. ಆ ಬಂಡುಕೋರ ಸಂಘಟನೆಗಳಲ್ಲೇ ಒಂದಾದ ಎಲ್‌ಟಿಟಿಇಯ ನಾಯಕ ಪ್ರಭಾಕರನ್‌ರನ್ನು ಸಭೆಯ ಹೊತ್ತಿಗೆ ವಿಮಾನದಲ್ಲಿ ಬೆಂಗಳೂರಿಗೆ ಕರೆತರಲಾಯಿತು. ತಮಿಳುನಾಡು ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಕೂಡ ಬಂದರು. ಜಯವರ್ಧನೆಯವರ ಜೊತೆ ಮಾತಾಡಿ ರೂಪಿಸಿದ ಸೂತ್ರವನ್ನು, ಪೂರ್ವ ಪ್ರಾಂತ್ಯವನ್ನು ವಿಭಜಿಸುವ ಪ್ರಸ್ತಾವವನ್ನು, ಒಪ್ಪಿಸಲು ಭಾರತದ ಅಧಿಕಾರಿಗಳು ಯತ್ನಿಸಿದರು. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳು ಒಂದಾಗಲೇಬೇಕೆಂದ ಪ್ರಭಾಕರನ್ ಒಪ್ಪಲಿಲ್ಲ. ಕೊಲಂಬೊ ಭಯೋತ್ಪಾದಕ ಎನ್ನುತ್ತಿದ್ದ ವ್ಯಕ್ತಿ ದೆಹಲಿಗೆ ಸಂಧಾನದ ಪಕ್ಷ. ಎರಡೂ ಸರ್ಕಾರಗಳು ಅದೇ ಊರಿನಲ್ಲಿ ಒಂದೇ ಘೋಷಣೆಗೆ ಒಪ್ಪಿದ್ದವು. ವ್ಯಾಖ್ಯಾನ ಏಕೆ ಕಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಈ ಭಾಗದ ಚರಿತ್ರೆಯಲ್ಲಿ ಸಿಗುವುದಿಲ್ಲ.

ಮರುವರ್ಷ, 1987ರ ನವೆಂಬರ್ 4ರಂದು, ಕಠ್ಮಂಡುವಿನಲ್ಲಿ ಸಾರ್ಕ್ ಭಯೋತ್ಪಾದನೆ ದಮನ ಒಡಂಬಡಿಕೆಗೆ ಸಹಿಯಾಯಿತು. 1988ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಇದರ ಮೊದಲ ವಿಧಿಯೂ ಪಟ್ಟಿಯ ದಾರಿಯನ್ನೇ ಹಿಡಿದಿದೆ. ಹೇಗ್, ಮಾಂಟ್ರಿಯಲ್, ನ್ಯೂಯಾರ್ಕ್ ಒಡಂಬಡಿಕೆಗಳ ಅಪರಾಧಗಳ ಜೊತೆಗೆ ಕೊಲೆ, ಅಪಹರಣ, ಒತ್ತೆಸೆರೆ, ಬಂದೂಕು ಮತ್ತು ಸ್ಫೋಟಕಗಳ ಅಪರಾಧಗಳನ್ನು, ಅವು ಮನಬಂದಂತೆ ಹಿಂಸೆ ನಡೆಸುವ ಸಾಧನವಾದಾಗ, ಭಯೋತ್ಪಾದನೆಯೆಂದು ಪರಿಗಣಿಸಬೇಕು. ಆರೋಪಿಯನ್ನು ಒಪ್ಪಿಸುವಾಗ ಇವನ್ನು ರಾಜಕೀಯ ಅಪರಾಧ ಎನ್ನುವಂತಿಲ್ಲ. ಟೂರಿನ್‌ನ ಬಾಗಿಲು ಕಾಗದದ ಮೇಲೆ ಮುಚ್ಚಿತು. ಆದರೆ ಏಳನೇ ವಿಧಿ ಕಿಟಕಿಯೊಂದನ್ನು ತೆರೆದೇ ಇಟ್ಟಿದೆ: ಕೋರಿಕೆ ಸದುದ್ದೇಶದ್ದಲ್ಲ ಅಥವಾ ಒಪ್ಪಿಸುವುದು ಸೂಕ್ತವಲ್ಲ ಎಂದು ಕಂಡರೆ ನಿರಾಕರಿಸಬಹುದು. ಭಾರತ 1993ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಮಾಡಿತು. ಆದರೂ ತಕರಾರು ಮುಗಿಯಲಿಲ್ಲ: 2016ರಲ್ಲಿ ಕಾಶ್ಮೀರದ ಉರಿ ಸೇನಾ ನೆಲೆಯ ಮೇಲಿನ ದಾಳಿಯ ನಂತರ ಭಾರತ ಇಸ್ಲಾಮಾಬಾದಿನ ಸಾರ್ಕ್ ಶೃಂಗಸಭೆಗೆ ಹೋಗಲು ಒಲ್ಲೆ ಎಂದಿತು. ಸಭೆ ನಡೆಯಲಿಲ್ಲ.

ನ್ಯಾಯಾಲಯಗಳಲ್ಲಿ

ಜಾಗತಿಕ ವ್ಯಾಖ್ಯಾನಕ್ಕೆ ಕಾಯುತ್ತ ಕೂರಲಾಗದೆ ಭಾರತ 1985ರಲ್ಲಿ, ಮತ್ತೆ 1987ರಲ್ಲಿ ಟಾಡಾ ಕಾಯ್ದೆ ತಂದಿತ್ತು. ಸರ್ಕಾರವನ್ನು ಬೆದರಿಸುವ, ಜನರಲ್ಲಿ ಭೀತಿ ಬಿತ್ತುವ ಅಥವಾ ಸಮುದಾಯಗಳ ಸಾಮರಸ್ಯ ಕೆಡಿಸುವ ಉದ್ದೇಶ ಇರಬೇಕೆಂಬುದು ಅದರ ಮೂರನೇ ಕಲಂ. ಉದ್ದೇಶ ಎಂಬ ಆ ಮಾತು ಎಷ್ಟು ತೂಕದ್ದು ಎಂಬುದು ರಾಜೀವ್ ಗಾಂಧಿ ಹತ್ಯೆ ಪ್ರಕರಣದಲ್ಲಿ ಗೊತ್ತಾಯಿತು. 1991ರ ಆಗಸ್ಟ್ 20ರಂದು ಬೆಂಗಳೂರಿನ ಹೊರವಲಯದ ಕೋಣನಕುಂಟೆಯಲ್ಲಿ ಕಮಾಂಡೊಗಳು ಮನೆಯೊಂದಕ್ಕೆ ನುಗ್ಗಿದಾಗ ಸಂಚಿನ ಮುಖ್ಯಸ್ಥ ಶಿವರಸನ್ ಸೇರಿ ಏಳು ಮಂದಿ ಶವವಾಗಿ ಸಿಕ್ಕಿದ್ದರು. ಉಳಿದ 26 ಆರೋಪಿಗಳಿಗೂ ವಿಶೇಷ ನ್ಯಾಯಾಲಯ ಮರಣದಂಡನೆ ವಿಧಿಸಿತು. 1999ರ ಮೇ 11ರಂದು ಸುಪ್ರೀಂ ಕೋರ್ಟ್ 19 ಮಂದಿಯನ್ನು ಕೊಲೆ ಸಂಚಿನಿಂದ ಬಿಡುಗಡೆ ಮಾಡಿತಲ್ಲದೆ, ಇದು ಟಾಡಾ ಪ್ರಕಾರ ಭಯೋತ್ಪಾದಕ ಕೃತ್ಯವೇ ಅಲ್ಲ ಎಂದಿತು: ಸರ್ಕಾರವನ್ನು ಬೆದರಿಸುವ ಅಥವಾ ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶ ಸಾಬೀತಾಗಿರಲಿಲ್ಲ. ವಿಚಿತ್ರವೆಂದರೆ, ಅದೇ ಟಾಡಾ ಅಡಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗಳು ಮಾತ್ರ ಸಾಕ್ಷ್ಯವಾಗಿ ಉಳಿದವು.

ಮಲೆ ಮಹದೇಶ್ವರ ಬೆಟ್ಟದ ಕಾಡಿನ ಕಥೆ ಬೇರೆ. 1993ರ ಏಪ್ರಿಲ್‌ನ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ ಪೊಲೀಸರೂ ಅರಣ್ಯ ಸಿಬ್ಬಂದಿಯೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ವೀರಪ್ಪನ್ ಸಹಚರರೆಂದು ಹಿಡಿದವರ ಮೇಲೆ ಟಾಡಾ ಹಾಕಲಾಯಿತು. ದಂತ ಮತ್ತು ಗಂಧದ ಕಳ್ಳಸಾಗಣೆದಾರನ ತಂಡ ಭಯೋತ್ಪಾದಕ ಸಂಘಟನೆಯೇ ಎಂಬ ಚರ್ಚೆ ಆಗಲೇ ಇತ್ತು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅಪಹರಣವಾದಾಗ ಮೈಸೂರಿನ ಜೈಲಿನಲ್ಲಿದ್ದ ಟಾಡಾ ಬಂಧಿತರನ್ನು ಬಿಡಬೇಕೆಂಬುದು ವೀರಪ್ಪನ್‌ನ ಬೇಡಿಕೆಗಳಲ್ಲಿ ಒಂದು. ಎಸ್.ಎಂ. ಕೃಷ್ಣ ನೇತೃತ್ವದ ಸರ್ಕಾರ ಅವರ ಮೇಲಿನ ಟಾಡಾ ಆರೋಪಗಳನ್ನು ಹಿಂಪಡೆಯಲು ಹೊರಟಿತು. ಹತರಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ಕೋರ್ಟ್ ಅದಕ್ಕೆ ತಡೆ ಹಾಕಿತು. ಮುಂದೆ ಮೈಸೂರಿನ ವಿಶೇಷ ನ್ಯಾಯಾಲಯ ಬಹುಪಾಲು ಆರೋಪಿಗಳನ್ನು, ವರ್ಷಗಟ್ಟಲೆ ಸೆರೆವಾಸದ ಬಳಿಕ, ಖುಲಾಸೆ ಮಾಡಿತು. ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಶಿಕ್ಷೆ ಹೆಚ್ಚಿಸಿ ಗಲ್ಲು ವಿಧಿಸಿತು. 2014ರಲ್ಲಿ ಅದು ಜೀವಾವಧಿಗೆ ಇಳಿಯಿತು.

ಭಾರತದ ಕರಡು

ದೇವೇಗೌಡರು ಪ್ರಧಾನಿ, ಐ.ಕೆ. ಗುಜ್ರಾಲ್ ವಿದೇಶಾಂಗ ಸಚಿವರಾಗಿದ್ದ 1996ರ ನವೆಂಬರ್‌ನಲ್ಲಿ ಭಾರತ ಅಂತರರಾಷ್ಟ್ರೀಯ ಭಯೋತ್ಪಾದನೆ ಕುರಿತ ಸಮಗ್ರ ಒಡಂಬಡಿಕೆಯ ಕರಡನ್ನು ವಿಶ್ವಸಂಸ್ಥೆಗೆ ಸಲ್ಲಿಸಿತು. ಡಿಸೆಂಬರ್ 17ರಂದು ಸಾಮಾನ್ಯ ಸಭೆ ತಾತ್ಕಾಲಿಕ ಸಮಿತಿಯನ್ನು ರಚಿಸಿತು. ಅದರಿಂದ 1997ರ ಬಾಂಬ್ ಸ್ಫೋಟ, 1999ರ ಹಣಕಾಸು, 2005ರ ಅಣು ಭಯೋತ್ಪಾದನೆ ಒಡಂಬಡಿಕೆಗಳು ಹೊರಬಂದವು. ಭಾರತದ ಪರಿಷ್ಕೃತ ಕರಡು 2000ದಲ್ಲಿ ಮಾತುಕತೆಗೆ ಬಂತು.

ಅಪರಾಧವನ್ನು ವಿವರಿಸುವ ಎರಡನೇ ವಿಧಿಯ ಬಗ್ಗೆ 2002ರ ಹೊತ್ತಿಗೆ ಹೆಚ್ಚುಕಡಿಮೆ ಸಹಮತವಿತ್ತು. ಕೆಟ್ಟದ್ದು 18ನೇ ವಿಧಿಯಲ್ಲಿ. ಸಶಸ್ತ್ರ ಸಂಘರ್ಷದ ಕಾಲದಲ್ಲಿ ‘ಸಶಸ್ತ್ರ ಪಡೆಗಳ’ ಚಟುವಟಿಕೆ ಒಡಂಬಡಿಕೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಮಾತುಕತೆಯ ಸಂಯೋಜಕರ ಪಠ್ಯ ಹೇಳಿತು. ಇಸ್ಲಾಮಿಕ್ ಸಹಕಾರ ಸಂಘಟನೆಯ ದೇಶಗಳು ‘ಪಡೆಗಳು’ ಬದಲಿಗೆ ‘ಪಕ್ಷಗಳು’ ಎಂದಿರಬೇಕು, ವಿದೇಶಿ ಸ್ವಾಧೀನದ ಸನ್ನಿವೇಶವೂ ಸೇರಬೇಕು ಎಂದವು. ಈ ತಿದ್ದುಪಡಿಯನ್ನು ಒಪ್ಪಿದರೆ ಪ್ಯಾಲೆಸ್ಟೀನ್, ಕಾಶ್ಮೀರಗಳ ಸಶಸ್ತ್ರ ಗುಂಪುಗಳು ಹೊರಗುಳಿಯುತ್ತವೆಂಬುದು ಭಾರತ ಮತ್ತು ಪಾಶ್ಚಾತ್ಯ ದೇಶಗಳ ಆತಂಕ. ಸಂಯೋಜಕರ ಪಠ್ಯವೇ ನಿಂತರೆ ಸೈನ್ಯಕ್ಕೆ ಮಾತ್ರ ರಿಯಾಯಿತಿ ಎಂಬುದು ಇನ್ನೊಂದು ಬದಿಯ ಆಕ್ಷೇಪ, ಅದರಲ್ಲಿ ಹುರುಳಿಲ್ಲವೆನ್ನಲಾಗದು. 2007ರಲ್ಲಿ ಬಂದ ರಾಜಿ ಪಠ್ಯವೂ ಸಾಲದಾಯಿತು. ವೀರಪ್ಪನ್ ಬೇಡಿಕೆಯ ಬಿಸಿ ಉಂಡಿದ್ದ ಎಸ್.ಎಂ. ಕೃಷ್ಣ 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾಗಿ ಸಾಮಾನ್ಯ ಸಭೆಯಲ್ಲಿ ಈ ಕರಡನ್ನು ಅಂಗೀಕರಿಸುವಂತೆ ಒತ್ತಾಯಿಸಿದರು. ಅದಿನ್ನೂ ಸಾಮಾನ್ಯ ಸಭೆಯ ಆರನೇ (ಕಾನೂನು) ಸಮಿತಿಯ ಕಾರ್ಯಸೂಚಿಯಲ್ಲೇ ಇದೆ.

2001ರ ಸೆಪ್ಟೆಂಬರ್ 28ರಂದು ಭದ್ರತಾ ಮಂಡಳಿಯ 1373ನೇ ನಿರ್ಣಯ ಭಯೋತ್ಪಾದನೆಯನ್ನು ಗಂಭೀರ ಅಪರಾಧವಾಗಿಸಿ ಶಾಸನ ಮಾಡುವಂತೆ ಎಲ್ಲ ದೇಶಗಳಿಗೆ ಆಜ್ಞೆ ಮಾಡಿತು, ವ್ಯಾಖ್ಯಾನ ಕೊಡದೆ. ಹಾಗಾಗಿ ಪ್ರತಿ ದೇಶವೂ ತನ್ನದೇ ವ್ಯಾಖ್ಯಾನ ಬರೆದುಕೊಂಡಿತು. ಭಾರತದಲ್ಲಿ ಭಯೋತ್ಪಾದನೆ ತಡೆ ಕಾಯ್ದೆ ಪೋಟಾ ಬಂತು, 2004ರಲ್ಲಿ ಹೋಯಿತು, ಅದರ ತಿರುಳು ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಗೆ (ಯುಎಪಿಎ) ಸೇರಿತು. ಯುಎಪಿಎಯ 15ನೇ ಕಲಂ ಪ್ರಕಾರ ಉದ್ದೇಶವಿರಬೇಕು, ಇಲ್ಲವೇ ಭೀತಿ ಹುಟ್ಟಿಸುವ ‘ಸಾಧ್ಯತೆ’ ಇದ್ದರೂ ಸಾಕು. ರಾಜೀವ್ ಪ್ರಕರಣದಲ್ಲಿ ತಕ್ಕಡಿ ತಿರುಗಿಸಿದ ಷರತ್ತು ಇಲ್ಲಿ ಸಡಿಲವಾಗಿದೆ. ಹೇಗ್, ಮಾಂಟ್ರಿಯಲ್ ಒಡಂಬಡಿಕೆಗಳು ಈ ಕಾಯ್ದೆಯ ಎರಡನೇ ಅನುಸೂಚಿಯಲ್ಲಿವೆ. 2022ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಗ್ರಾಮಾಂತರ ಠಾಣೆಯಲ್ಲಿ ದಾಖಲಾಗಿ ಎನ್‌ಐಎ ಕೈಗೆ ಹೋದ, ತುಂಗಾ ದಡದಲ್ಲಿ ಪ್ರಾಯೋಗಿಕ ಸ್ಫೋಟ ನಡೆಸಿದರೆಂಬ ಆರೋಪದ ಪ್ರಕರಣ ಇದೇ ಕಾಯ್ದೆಯಡಿಯದು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಂ ಭಯೋತ್ಪಾದಕ ಕೃತ್ಯವನ್ನು ಮೊದಲ ಬಾರಿಗೆ ಸಾಮಾನ್ಯ ದಂಡಸಂಹಿತೆಯೊಳಗೆ ತಂದಿದೆ. ಒಂದು ಕೃತ್ಯಕ್ಕೆ ಈ ಕಲಂ ಹಾಕಬೇಕೋ ಯುಎಪಿಎ ಹಾಕಬೇಕೋ ಎಂಬುದನ್ನು ಎಸ್‌ಪಿ ದರ್ಜೆಗಿಂತ ಕೆಳಗಲ್ಲದ ಅಧಿಕಾರಿ ತೀರ್ಮಾನಿಸುತ್ತಾರೆ.