ಗಂಧದ ಸೋಪು, ಇಸುಬಿನ ಮೈ

ಪೂರಿಗಾಲಿ ಸೀಮೆಯಲ್ಲಿ ಮಗುವಿನ ಮೈಗೆ ಕಡಲೆಹಿಟ್ಟು. ನೆಂಟರು ಬಂದರೆ ಬಚ್ಚಲಿಗೆ ಮೈಸೂರು ಸ್ಯಾಂಡಲ್ ಸೋಪು. ಈ ಸೋಪಿನ ಹಿಂದೆ ಒಂದು ಯುದ್ಧವಿದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗದೆ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಇಲ್ಲಿಯೇ ಎಣ್ಣೆ ತೆಗೆಸಿದರು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದನ್ನು ಸೋಪಿಗೆ ಬೆರೆಸಿದರು.

ಆ ಸೋಪಿನ ಹೆಮ್ಮೆಯೇ ಪರಿಮಳ. ಇಸುಬು ಇರುವವರಿಗೆ ತೊಡಕೂ ಅದೇ. ಸುಗಂಧದ್ರವ್ಯ ಕೆಲವರ ಚರ್ಮಕ್ಕೆ ಒಗ್ಗದು. ಯಾವುದೇ ಸೋಪಿನ ಕ್ಷಾರವೂ ಚರ್ಮದ ಜಿಡ್ಡು ತೆಗೆದು ಒಣಗಿಸುತ್ತದೆ. ಕಡಲೆಹಿಟ್ಟನ್ನು ಒರಟಾಗಿ ಉಜ್ಜಿದರೂ ಉರಿಯೇ. ಅಂಥವರಿಗೆ ಪರಿಮಳವಿಲ್ಲದ, ಕ್ಷಾರವಿಲ್ಲದ ಕ್ಲೆನ್ಸರ್, ಉಗುರುಬೆಚ್ಚಗಿನ ನೀರು, ಮೈ ಇನ್ನೂ ಹಸಿ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ ಮೇಲು. ನೂರು ವರ್ಷದಿಂದ ಮೂಗಿಗೆ ಹಿಡಿದು ಸೋಪು ಕೊಳ್ಳುತ್ತಿದ್ದೇವೆ. ಇಸುಬಿನ ಮೈಯವರು ಪೊಟ್ಟಣದ ಹಿಂಬದಿಯನ್ನು ಓದಿ ಕೊಳ್ಳಬೇಕು.