ಹಳೆಯ ಮನೆ, ಸೋರುವ ಗೋಡೆ

1973ರ ತೈಲ ಬಿಕ್ಕಟ್ಟಿನವರೆಗೆ ಪಶ್ಚಿಮ ಜರ್ಮನಿಯಲ್ಲಿ ಮನೆಯ ಗೋಡೆಯಿಂದ ಶಾಖ ಸೋರಿಹೋಗುವುದನ್ನು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಂಡಿರಲಿಲ್ಲ. ಯುದ್ಧಾನಂತರ ಅವಸರದಲ್ಲಿ ಕಟ್ಟಿದ ವಸತಿ ಸಮುಚ್ಚಯಗಳು, ಎಣ್ಣೆಯೂ ಅಗ್ಗ. ಬೆಲೆ ಏಕಾಏಕಿ ಏರಿದ ಮೇಲೆ, 1977ರಲ್ಲಿ, ಶಾಖರಕ್ಷಣೆಯ ಮೊದಲ ನಿಯಮಾವಳಿ ಬಂತು. ಅದರ ಕಣ್ಣಿದ್ದದ್ದು ಮುಖ್ಯವಾಗಿ ಹೊಸ ಕಟ್ಟಡಗಳ ಮೇಲೆ.

ಹಳೆಯ ಮನೆಗಳಲ್ಲಿ ಹಲವರು ಮೊದಲು ಬದಲಿಸಿದ್ದು ಕಿಟಕಿಯನ್ನು. ಅಲ್ಲೇ ಎಡವಟ್ಟಾಯಿತು. ಮೊದಲು ಒಂಟಿ ಗಾಜಿನ ಮೇಲೆ ಇಳಿಯುತ್ತಿದ್ದ ತೇವ, ಬಿಗಿಯಾದ ಜೋಡಿ ಗಾಜು ಬಂದ ಮೇಲೆ ಅದಕ್ಕಿಂತ ತಣ್ಣಗಿದ್ದ ಗೋಡೆಯ ಮೂಲೆಗೆ ಸರಿಯಿತು. ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯಿತು.

ಹಾಗಾಗಿ ಗೋಡೆಗೇ ಹೊದಿಕೆ ಹಾಕುವ ಪದ್ಧತಿ ಬಲವಾಯಿತು: ಹೊರಮೈಗೆ ಥರ್ಮೋಕೋಲ್ ಹಲಗೆ ಅಂಟಿಸಿ, ಮೇಲೆ ಗಾಜುನಾರಿನ ಜಾಲರಿ ಎಳೆದು ಗಿಲಾವು ಮಾಡುವುದು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಹಳೆಯ ಇಟ್ಟಿಗೆ ಗೋಡೆಯ ಒಂದು ಚದರ ಮೀಟರಿನಿಂದ ಸುಮಾರು ಒಂದೂವರೆ ವ್ಯಾಟ್ ಶಾಖ ಹೊರಬೀಳುತ್ತದೆ. ಗೋಡೆಗೆ ಹೊಸ ಹೊದಿಕೆ ಹಾಕುವಾಗ ಜರ್ಮನ್ ಕಾನೂನು ಈಗ ಒಪ್ಪುವುದು 0.24 ವ್ಯಾಟ್. ಹೀಗೆ ಹೊದಿಸಿದರೂ ಒಳಗಿನ ಕಾಂಕ್ರೀಟ್ ಚಪ್ಪಡಿಯೇ ಬಾಲ್ಕನಿಯಾಗಿ ಹೊರಚಾಚಿದ್ದಲ್ಲಿ ಶಾಖ ಅದರ ಮೂಲಕ ಹರಿದುಹೋಗುತ್ತದೆ. 1991ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟಿದ ಮೊದಲ ‘ಪ್ಯಾಸಿವ್ ಹೌಸ್’ನಲ್ಲಿ (ಬಹುಮಟ್ಟಿಗೆ ಹೀಟರಿಲ್ಲದೆ ಬೆಚ್ಚಗಿರುವ ಮನೆ) ಇಂಥ ಸಂದುಗಳನ್ನು ನಕ್ಷೆಯಲ್ಲೇ ಮುಚ್ಚಿದ್ದರು, ಹಳೆಯ ಮನೆಗೆ ಆ ಅನುಕೂಲವಿಲ್ಲ.

ಉಳಿತಾಯದ ಲೆಕ್ಕಕ್ಕೆ ಪೆಟ್ಟು ಬಿದ್ದದ್ದು 2012ರಲ್ಲಿ. ಜರ್ಮನ್ ಮನೆಗಳ ನಿಜವಾದ ಬಳಕೆ ಕಾಗದದ ಲೆಕ್ಕಕ್ಕಿಂತ ಸರಾಸರಿ ಶೇ. 30ರಷ್ಟು ಕಡಿಮೆ ಎಂದು ಸಂಶೋಧಕರಾದ ಮಿನ್ನಾ ಸುನಿಕ್ಕಾ-ಬ್ಲಾಂಕ್ ಮತ್ತು ರೇ ಗಾಲ್ವಿನ್ ತೋರಿಸಿದರು. ಸೋರುವ ಮನೆಯವರು ಮೊದಲೇ ಕೈಬಿಗಿಹಿಡಿದು ಬದುಕುತ್ತಿರುತ್ತಾರೆ. ಉರಿಸದ ಎಣ್ಣೆಯನ್ನು ಉಳಿಸುವುದೆಲ್ಲಿಂದ?

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಮಂದಿ ಸತ್ತರು. ಸುಮಾರು ಒಂದು ವರ್ಷದ ಹಿಂದೆ, 2016ರಲ್ಲಿ, ಮುಗಿದಿದ್ದ ನವೀಕರಣದಲ್ಲಿ ಕಟ್ಟಡಕ್ಕೆ ಪಾಲಿಥಿಲೀನ್ ತಿರುಳಿನ ಅಲ್ಯೂಮಿನಿಯಂ ಹಲಗೆ ಹೊದಿಸಿದ್ದರು. ಅಲ್ಲಿಂದೀಚೆಗೆ ಹೊದಿಕೆ ಎಷ್ಟು ಶಾಖ ತಡೆಯುತ್ತದೆ ಎಂಬುದರ ಜೊತೆಗೆ ಬೆಂಕಿಯ ಪ್ರಶ್ನೆಯನ್ನೂ ಕೇಳದೆ ವಿಧಿಯಿಲ್ಲ.

ಈ ಕ್ಷೇತ್ರದ ಅತ್ಯಂತ ವಿವೇಕದ ಕೆಲಸ, ನನ್ನ ಮಟ್ಟಿಗೆ, ಫ್ರಾನ್ಸಿನ ಬೋರ್ಡೋದ್ದು. ಅಲ್ಲಿನ ಗ್ರಾಂ ಪಾರ್ಕ್‌ನಲ್ಲಿ 1960ರ ದಶಕದ ಮೂರು ಕಟ್ಟಡಗಳ 530 ಮನೆಗಳಿಗೆ ವಾಸ್ತುಶಿಲ್ಪಿಗಳಾದ ಲಾಕಾತೋ ಮತ್ತು ವಾಸಾಲ್ ಜೋಡಿ, ದ್ರುವೋ ಮತ್ತು ಹ್ಯೂಟ್ಯಾಂ ಜೊತೆ ಸೇರಿ, ಗೋಡೆಯಾಚೆ ಗಾಜಿನ ಪಡಸಾಲೆಗಳನ್ನೇ ಜೋಡಿಸಿದರು. ಚಳಿಗಾಲದಲ್ಲಿ ಅವು ಬಿಸಿಲನ್ನು ಹಿಡಿದಿಡುತ್ತವೆ, ಮನೆಯೂ ಹಿರಿದಾಗುತ್ತದೆ. ಕೆಲಸ ನಡೆಯುವಾಗ ನಿವಾಸಿಗಳು ಮನೆ ಖಾಲಿ ಮಾಡಲಿಲ್ಲ. 2019ರಲ್ಲಿ ಇದಕ್ಕೆ ಮೀಸ್ ಫಾನ್ ಡೆರ್ ರೋಹ್ ಪ್ರಶಸ್ತಿ ಬಂತು.

ನಮ್ಮಲ್ಲಿ 2018ರ ‘ಇಕೋ-ನಿವಾಸ್ ಸಂಹಿತೆ’ ಹೊರಮೈಯಿಂದ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಮಿತಿ ಹಾಕಿದೆ. ಅದು ಹೊಸ ಕಟ್ಟಡಗಳಿಗೆ. ಹಳೆಯ ಅಪಾರ್ಟ್‌ಮೆಂಟಿನ ಪಶ್ಚಿಮದ ಕೋಣೆ ಸಂಜೆ ಕಾಯುತ್ತಿದ್ದರೆ ಯುರೋಪಿನ ಹೊದಿಕೆಯ ಯೋಚನೆ ಆಮೇಲಿರಲಿ, ಮೊದಲು ಕಿಟಕಿಯ ಹೊರಗಡೆ ನೆರಳು ಮಾಡಿಸಿ. ಒಳಗಿನ ಪರದೆಗೆ ತಾಗುವ ಹೊತ್ತಿಗೆ ಬಿಸಿಲು ಆಗಲೇ ಗಾಜು ದಾಟಿರುತ್ತದೆ.