ಸೈನಿಕ ಅಂಗವೈಕಲ್ಯ ಪಿಂಚಣಿ: ಚರಿತ್ರೆ ಮತ್ತು ಲೆಕ್ಕ

ಭಾರತದ ಭೂಸೇನೆ, ನೌಕಾಪಡೆ, ವಾಯುಪಡೆಗಳಲ್ಲಿ ದುಡಿದವರಿಗೆ, ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಿಸಿದ ಗಾಯ, ರೋಗಗಳ ಸಲುವಾಗಿ ಕೇಂದ್ರ ಸರ್ಕಾರ ಕೊಡುವ ಮಾಸಿಕ ಪಿಂಚಣಿಯೇ ಸೈನಿಕ ಅಂಗವೈಕಲ್ಯ ಪಿಂಚಣಿ. ಇದರಲ್ಲಿ ಎರಡು ಅಂಶಗಳಿವೆ. ಸೇವಾ ಅಂಶ ಕೊನೆಯ ಸಂಬಳವನ್ನು ಹಿಡಿದು ಬರುತ್ತದೆ. ವೈಕಲ್ಯ ಅಂಶ ಸಂಬಳದ ಜೊತೆಗೆ ಮೆಡಿಕಲ್ ಬೋರ್ಡ್ ಬರೆದ ಶೇಕಡಾ ಪ್ರಮಾಣವನ್ನೂ ಹಿಡಿದು ಬರುತ್ತದೆ. ಶತ್ರುವಿನ ದಾಳಿಯಂಥ ಸಂದರ್ಭದಲ್ಲಿ ಆದ ಗಾಯಕ್ಕೆ ವೈಕಲ್ಯ ಅಂಶದ ಜಾಗದಲ್ಲಿ ಅದಕ್ಕಿಂತ ದೊಡ್ಡದಾದ ಯುದ್ಧಗಾಯ ಅಂಶ ಸಲ್ಲುತ್ತದೆ.

ಈ ಬರಹ ಅದನ್ನು ಚಿತ್ರದುರ್ಗ ಸೀಮೆಯ ಕಡೆಯಿಂದ ನೋಡುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಸೈನಿಕ ಚರಿತ್ರೆಯ ಬರಹಗಳು ಬಹುಮಟ್ಟಿಗೆ ಪಾಳೆಯಗಾರರ ಕಾಲಕ್ಕೇ ನಿಂತುಬಿಡುತ್ತವೆ. ಆಮೇಲೆ ಮಿಲಿಟರಿಗೆ ಸೇರಿ ಹಿಂದಿರುಗಿದವರ ಪಾಲಿಗೆ ಉಳಿದಿರುವುದು ಡಿಸ್ಚಾರ್ಜ್ ಬುಕ್ಕು, ಪಿಪಿಒ (ಪಿಂಚಣಿ ಪಾವತಿ ಆದೇಶ) ಹಾಳೆ ಮತ್ತು ಬಾಯಿಮಾತು. ಈ ಬಾಯಿಮಾತಿನಲ್ಲಿ ಮೂರು ಬೇರೆ ಬೇರೆ ಶೇಕಡಾಗಳು ಒಂದರೊಳಗೊಂದು ಕಲಸಿಹೋಗಿವೆ. ಸೇನೆಯ ಪಿಂಚಣಿಗೆ ಬೇಕಾದ ಕನಿಷ್ಠ ವೈಕಲ್ಯ ಶೇ 20. ಜಿಲ್ಲಾ ಆಸ್ಪತ್ರೆಯ ಅಂಗವಿಕಲರ ಗುರುತಿನ ಚೀಟಿಯ ಸವಲತ್ತುಗಳಿಗೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ಶೇ 40 ಬೇಕು. ಇನ್ನು ಪಿಪಿಒದಲ್ಲಿ ಅಚ್ಚಾಗಿರುವ ಶೇ 50 ಎಂಬುದು ಹೆಚ್ಚಿನವರಲ್ಲಿ ದೇಹದ ಅಳತೆಯೇ ಅಲ್ಲ, 2001ರ ಪತ್ರದಂತೆ ದುಂಡು ಮಾಡಿದ ಅಂಕಿ. ಜಿಲ್ಲಾ ಆಸ್ಪತ್ರೆಯ ಚೀಟಿ ತೋರಿಸಿ ಸೇನೆಯ ಪಿಂಚಣಿ ಹೆಚ್ಚಿಸಿಕೊಳ್ಳಲು ಆಗುವುದಿಲ್ಲ. ಪಿಪಿಒ ತೋರಿಸಿ ಆ ಚೀಟಿ ಪಡೆಯಲೂ ಆಗುವುದಿಲ್ಲ. ಎರಡು ಬೋರ್ಡುಗಳೂ ಬೇರೆ, ಅವು ಕೇಳುವ ಪ್ರಶ್ನೆಯೂ ಬೇರೆ.

ಹಿನ್ನೆಲೆ

ಕಾಳಗದಲ್ಲಿ ಮಡಿದವನ ಮನೆಗೆ ಭೂಮಿ ಬಿಡುವ ನೆತ್ತರುಗೊಡಗೆಯ ಪದ್ಧತಿ ಕರ್ನಾಟಕದ ಶಾಸನ, ವೀರಗಲ್ಲುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಚಿತ್ರದುರ್ಗ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟದಲ್ಲಿವೆ. ಆದರೆ ವೀರಗಲ್ಲು ನಿಲ್ಲುವುದು ಸತ್ತವನಿಗೆ. ಗಾಯಗೊಂಡು ಬದುಕಿದವನ ಕಥೆ ಅಲ್ಲಿ ತೀರ ತೆಳು, ಹಾಗಾಗಿ ನೆತ್ತರುಗೊಡಗೆಯನ್ನು ಇಂದಿನ ಅಂಗವೈಕಲ್ಯ ಪಿಂಚಣಿಯ ಮೂಲವೆಂದು ಕರೆಯುವುದು ಸಡಿಲ ಮಾತು. 1779ರಲ್ಲಿ ದುರ್ಗ ಹೈದರಾಲಿಯ ವಶವಾದ ಮೇಲೆ ಅಲ್ಲಿನ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಒಯ್ದು, ಬೇಡರ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಿದ ಸಂಗತಿಯನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಮೈಸೂರು ಅರಸರ ಕಂದಾಚಾರ ಪಡೆ, ನಂತರದ ಮೈಸೂರು ಲ್ಯಾನ್ಸರ್ಸ್, 1918ರ ಸೆಪ್ಟೆಂಬರ್ 23ರ ಹೈಫಾ ದಾಳಿ ಇವೆಲ್ಲ ಬೇರೆಡೆ ವಿಸ್ತಾರವಾಗಿ ಬಂದಿವೆ. ಸಂಸ್ಥಾನದ ವಿಲೀನದ ಬಳಿಕ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಅಲ್ಲಿಂದ ಮುಂದೆ ಈ ಸೀಮೆಯ ಸೈನಿಕನ ಪಿಂಚಣಿಯ ಕಡತ ಮೈಸೂರಿನಲ್ಲಿಲ್ಲ, ಅಲಹಾಬಾದಿನ (ಈಗಿನ ಪ್ರಯಾಗರಾಜ್) ಸೇನಾ ಪಿಂಚಣಿ ಕಚೇರಿಯಲ್ಲಿದೆ.

ನಿಯಮಗಳು

ಭೂಸೇನೆಯ 1961ರ ಪಿಂಚಣಿ ನಿಯಮಾವಳಿಯ 173ನೇ ನಿಯಮ ಇಡೀ ವ್ಯವಸ್ಥೆಯ ಬುನಾದಿ. ವೈಕಲ್ಯ ಸೇವೆಯಿಂದ ಉಂಟಾಗಿರಬೇಕು ಅಥವಾ ಉಲ್ಬಣಿಸಿರಬೇಕು. ಅದು ಶೇ 20ಕ್ಕೆ ಕಡಿಮೆ ಇರಬಾರದು. ಮೊದಲನೆಯದು ಕಾರಣದ ಪ್ರಶ್ನೆ, ಎರಡನೆಯದು ಅಳತೆಯ ಪ್ರಶ್ನೆ. ವ್ಯಾಜ್ಯಗಳು ಹೆಚ್ಚಾಗಿ ಎದ್ದಿರುವುದು ಮೊದಲನೆಯದರ ಮೇಲೆ, ಹಣ ಹೆಚ್ಚುಕಡಿಮೆ ಆಗುವುದು ಎರಡನೆಯದರಿಂದ.

1971ರ ಯುದ್ಧದ ಬೆನ್ನಿಗೇ ಯುದ್ಧದಲ್ಲಿ ಗಾಯಗೊಂಡವರಿಗೆ ಪ್ರತ್ಯೇಕ, ಹೆಚ್ಚಿನ ದರ ಬಂತು. 1982ರ ಜನವರಿ 1ರಿಂದ ಜಾರಿಯಾದ ಅರ್ಹತಾ ನಿಯಮಗಳು ಸೈನಿಕನ ಪರವಾಗಿ ಒಂದು ದೊಡ್ಡ ಊಹೆಯನ್ನು ಕಟ್ಟಿದವು: ಭರ್ತಿಯಾಗುವಾಗ ದಾಖಲೆಯಲ್ಲಿ ಏನೂ ಬರೆದಿರದಿದ್ದರೆ ಅವನು ಆರೋಗ್ಯವಂತನಾಗಿದ್ದ ಎಂದೇ ಹಿಡಿಯಬೇಕು. ಆಮೇಲೆ ಆರೋಗ್ಯ ಕೆಟ್ಟರೆ ಅದು ಸೇವೆಯಿಂದ ಕೆಟ್ಟದ್ದು. ಅರ್ಜಿದಾರ ಏನನ್ನೂ ರುಜುವಾತು ಮಾಡಬೇಕಿಲ್ಲ, ಸಂಶಯದ ಲಾಭ ಅವನಿಗೇ. ಹಾಳೆಯ ಮೇಲೆ ಉದಾರವಾದ ಈ ನಿಯಮ ಮೂರು ದಶಕ ಬೋರ್ಡುಗಳ ಮೇಜಿನ ಮೇಲೆ ಹೆಚ್ಚು ನಡೆಯಲಿಲ್ಲ. ‘ಸೇವೆಯಿಂದ ಉಂಟಾದದ್ದಲ್ಲ, ಉಲ್ಬಣಿಸಿದ್ದೂ ಅಲ್ಲ’ ಎಂಬ ಒಂದು ಸಾಲು, ಕಾರಣ ಕೊಡದೆಯೇ, ಎಷ್ಟೋ ಕಡತಗಳನ್ನು ಮುಚ್ಚಿತು.

2001: ದುಂಡು ಮಾಡುವ ಪತ್ರ

ಸಾಮಾನ್ಯ ಚರಿತ್ರೆಗಳು ಕಾರ್ಗಿಲನ್ನು ತಿರುವು ಎಂದು ಗುರುತಿಸುತ್ತವೆ. ಪಿಂಚಣಿಯ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ತಿರುವು, ಐದನೇ ವೇತನ ಆಯೋಗದ ಶಿಫಾರಸಿನ ಮೇಲೆ ರಕ್ಷಣಾ ಸಚಿವಾಲಯ 2001ರ ಜನವರಿ 31ರಂದು ಹೊರಡಿಸಿದ ಪತ್ರ. ಸಾವು, ಗಾಯಗಳ ಸಂದರ್ಭಗಳನ್ನು ಅದು ಎ ಯಿಂದ ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸಿತು: ಸೇವೆಗೆ ಸಂಬಂಧವಿಲ್ಲದ ಸಹಜ ಕಾರಣ ಒಂದು ತುದಿ, ಶತ್ರುವಿನೊಂದಿಗಿನ ಕಾದಾಟ ಇನ್ನೊಂದು ತುದಿ. ಅದರ 7.2ನೇ ಕಂಡಿಕೆ ಶೇಕಡಾವನ್ನು ಮೂರು ಮೆಟ್ಟಿಲು ಮಾಡಿತು. ಶೇ 50ಕ್ಕಿಂತ ಕಡಿಮೆ ಇದ್ದರೆ 50. ಶೇ 50ರಿಂದ 75ರವರೆಗೆ ಇದ್ದರೆ 75. ಅದನ್ನು ಮೀರಿದರೆ 100. ಬೋರ್ಡಿನಿಂದ ಬೋರ್ಡಿಗೆ ಒಂದೇ ಗಾಯಕ್ಕೆ ಬೇರೆ ಬೇರೆ ಅಂಕಿ ಬರುತ್ತಿದ್ದುದನ್ನು ತಪ್ಪಿಸುವುದು ಉದ್ದೇಶ.

ಇದರ ತೂಕ ತಿಳಿಯಲು ಒಂದು ಲೆಕ್ಕ ಹಾಕಬೇಕು. ಶೇ 100 ವೈಕಲ್ಯಕ್ಕೆ ವೈಕಲ್ಯ ಅಂಶ ಕೊನೆಯ ಸಂಬಳದ ಶೇ 30. ಕಡಿಮೆ ವೈಕಲ್ಯಕ್ಕೆ ಅದೇ ಅನುಪಾತದಲ್ಲಿ ಕಡಿಮೆ. ಸಂಬಳ 40,000 ರೂಪಾಯಿ, ವೈಕಲ್ಯ ಶೇ 20 ಎಂದಿಟ್ಟುಕೊಂಡರೆ ವೈಕಲ್ಯ ಅಂಶ 2,400 ರೂಪಾಯಿ. ಅದೇ ಶೇ 20 ದುಂಡಾಗಿ 50 ಆದರೆ 6,000 ರೂಪಾಯಿ. ಸಂಬಳದ ಅರ್ಧದಷ್ಟು ಸೇವಾ ಪಿಂಚಣಿ 20,000 ಸೇರಿ ಒಟ್ಟು 26,000, ಅದರ ಮೇಲೆ ತುಟ್ಟಿ ಪರಿಹಾರ. ಗಾಯ ಯುದ್ಧದ್ದಾಗಿ, ಅವನು ಸೇವೆಯಲ್ಲಿ ಮುಂದುವರಿದು ಅವಧಿ ಮುಗಿಸಿ ನಿವೃತ್ತನಾದರೆ ದರ ಶೇ 30ರ ಬದಲು 60; ಆಗ ಆ 6,000 ರೂಪಾಯಿ 12,000 ಆಗುತ್ತದೆ. ಯುದ್ಧಗಾಯದಿಂದಲೇ ಬೋರ್ಡ್ ಔಟ್ ಆದರೆ (ಮೆಡಿಕಲ್ ಬೋರ್ಡಿನ ಮಾತಿನ ಮೇಲೆ ಅವಧಿಗೆ ಮುಂಚೆಯೇ ಸೇವೆಯಿಂದ ಬಿಡುಗಡೆಯಾದರೆ) ಶೇ 100 ವೈಕಲ್ಯಕ್ಕೆ ಪೂರ್ತಿ ಸಂಬಳದಷ್ಟು, ಅಂದರೆ ಶೇ 50ಕ್ಕೆ 20,000. ಒಂದೇ ಕಾಲು, ಒಂದೇ ಶೇಕಡಾ. ಎಲ್ಲಿ ಮುರಿಯಿತು, ಹೇಗೆ ಹೊರಬಂದ ಎಂಬುದರ ಮೇಲೆ ಮೂರು ಮೊತ್ತ. ಪೂರ್ತಿ ವೈಕಲ್ಯವಿದ್ದು ಸದಾ ಆರೈಕೆಗೆ ಒಬ್ಬರು ಬೇಕಾದವರಿಗೆ ಪ್ರತ್ಯೇಕ ಭತ್ಯೆಯಿದೆ. ಏಳನೇ ವೇತನ ಆಯೋಗದ ನಂತರ ಅದನ್ನು ತಿಂಗಳಿಗೆ 6,750 ರೂಪಾಯಿ ಮಾಡಲಾಯಿತು.

ಕರ್ನಾಟಕದ ಹೆಸರಾದ ಯುದ್ಧಗಾಯಾಳುಗಳಲ್ಲೊಬ್ಬರು ಹುಬ್ಬಳ್ಳಿಯ ಕ್ಯಾಪ್ಟನ್ ನವೀನ್ ನಾಗಪ್ಪ. 13 ಜಮ್ಮು ಕಾಶ್ಮೀರ್ ರೈಫಲ್ಸ್‌ನಲ್ಲಿದ್ದ ಅವರು 1999ರ ಜುಲೈನಲ್ಲಿ ಪಾಯಿಂಟ್ 4875ರ ಕಾದಾಟದಲ್ಲಿ ಗ್ರೆನೇಡ್ ಸಿಡಿದು ಕಾಲುಗಳಿಗೆ ಗಾಯ ಮಾಡಿಕೊಂಡರು. ಸೇನೆ ಬಿಟ್ಟ ಮೇಲೆ ಎಂಜಿನಿಯರಿಂಗ್ ಸೇವೆಯ ಪರೀಕ್ಷೆ ಬರೆದು ಮಿಲಿಟರಿ ಎಂಜಿನಿಯರ್ ಸರ್ವಿಸ್ ಸೇರಿದರು. ಇಂಥವರ ಕಥೆ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ವೈಕಲ್ಯ ಪಿಂಚಣಿಯ ವ್ಯಾಜ್ಯಗಳಲ್ಲಿ ದೊಡ್ಡ ಪಾಲು ಗುಂಡೇಟಿನದ್ದಲ್ಲ. ಅಪಸ್ಮಾರ, ರಕ್ತದೊತ್ತಡ, ಮನೋರೋಗ, ಬೆನ್ನುಮೂಳೆ ಇವುಗಳದ್ದು.

2001ರ ಪತ್ರದಲ್ಲಿ ಎರಡು ಕಂದಕಗಳಿದ್ದವು. ದುಂಡು ಮಾಡುವ ಸೌಲಭ್ಯ 1996ರ ಜನವರಿ 1ರ ನಂತರದವರಿಗೆ ಮಾತ್ರ. ಅದರಲ್ಲೂ ಬೋರ್ಡ್ ಔಟ್ ಆದವರಿಗೆ ಮಾತ್ರ. ಹಳಬರಿಗೆ ಅದು 2010ರ ಜನವರಿ 19ರ ಆದೇಶದ ಮೂಲಕ, 2009ರ ಜುಲೈ 1ರಿಂದ ಅನ್ವಯವಾಗುವಂತೆ ಸಿಕ್ಕಿತು. ವೈಕಲ್ಯವಿದ್ದೂ ಅವಧಿ ಮುಗಿಸಿ ನಿವೃತ್ತರಾದವರು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ರಾಮ್ ಅವತಾರ್ ಪ್ರಕರಣದ 2014ರ ಡಿಸೆಂಬರ್ 10ರ ತೀರ್ಪು ಅವರಿಗೂ ಅದನ್ನು ವಿಸ್ತರಿಸಿತು. ಹಳೆಯ ಪಿಪಿಒದಲ್ಲಿ ಶೇ 20 ಅಥವಾ 30 ಎಂದೇ ಉಳಿದಿರುವವರು ಇಂದಿಗೂ ಇದ್ದಾರೆಂದರೆ ಈ ತಡಗಳೇ ಕಾರಣ. ಬಾಕಿ ಹಣದ ವಿಷಯದಲ್ಲಿ ತರಸೇಮ್ ಸಿಂಗ್ ಪ್ರಕರಣ (2008) ಒಂದು ಗೆರೆ ಎಳೆಯಿತು: ಅರ್ಜಿ ಎಷ್ಟೇ ತಡವಾದರೂ ಹಕ್ಕು ಸಾಯುವುದಿಲ್ಲ, ಬಾಕಿ ಮಾತ್ರ ಅರ್ಜಿಗೆ ಹಿಂದಿನ ಮೂರು ವರ್ಷದ್ದಷ್ಟೇ.

ನ್ಯಾಯಾಲಯಗಳ ಕಾಲ

2013ರ ಜುಲೈ 2ರಂದು ಸುಪ್ರೀಂ ಕೋರ್ಟಿನಿಂದ ಬಂದ ಧರಮ್‌ವೀರ್ ಸಿಂಗ್ ತೀರ್ಪು 1982ರ ನಿಯಮಗಳಿಗೆ ಜೀವ ಕೊಟ್ಟಿತು. ಅವರ ಭರ್ತಿಯ ಹಾಳೆಯಲ್ಲಿ ಅಪಸ್ಮಾರದ ಉಲ್ಲೇಖವಿರಲಿಲ್ಲ, ಬೋರ್ಡು ತನ್ನ ಅಭಿಪ್ರಾಯಕ್ಕೆ ಕಾರಣ ಬರೆದಿರಲಿಲ್ಲ. ಆದ್ದರಿಂದ ಊಹೆ ಸೈನಿಕನ ಪರ. 2015ರ ಫೆಬ್ರುವರಿಯ ರಾಜ್‌ಬೀರ್ ಸಿಂಗ್ ತೀರ್ಪು ಅದನ್ನು ಗಟ್ಟಿ ಮಾಡಿತು. ಆದರೆ ದಾರಿ ನೇರವಾಗಿ ಸಾಗಲಿಲ್ಲ. 2019ರ ಅಕ್ಟೋಬರ್ 3ರಂದು ನರಸಿಂಗ್ ಯಾದವ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮನೋರೋಗ ಭರ್ತಿಯ ಪರೀಕ್ಷೆಯಲ್ಲಿ ಕಾಣದೇ ಇರಬಹುದು, ಹಾಗಾಗಿ ಊಹೆ ತಾನಾಗಿ ಹುಟ್ಟುವುದಿಲ್ಲ ಎಂದಿತು.

ಶೇ 20ರ ಗೆರೆಯ ಬಗ್ಗೆಯೂ ಹೀಗೇ ಎರಡು ಧ್ವನಿ. 2014ರ ಸುಖ್ವಿಂದರ್ ಸಿಂಗ್ ತೀರ್ಪಿನ ಪ್ರಕಾರ, ಸೇನೆಯೇ ಒಬ್ಬನನ್ನು ವೈಕಲ್ಯದ ಕಾರಣ ಹೊರಹಾಕಿದೆಯೆಂದರೆ ಅವನ ವೈಕಲ್ಯ ಶೇ 20ನ್ನು ಮೀರಿದೆ ಎಂದೇ ಅರ್ಥ, ಅದು ದುಂಡಾಗಿ 50 ಆಗಲೇಬೇಕು. 2019ರ ಡಿಸೆಂಬರ್ 11ರ ರಾಥೋರ್ ತೀರ್ಪಿನ ಪ್ರಕಾರ, ಶೇ 20ಕ್ಕಿಂತ ಕಡಿಮೆ ಇದ್ದವರಿಗೆ ವೈಕಲ್ಯ ಅಂಶವೇ ಇಲ್ಲ. ಇಲ್ಲದ್ದನ್ನು ದುಂಡು ಮಾಡುವಂತಿಲ್ಲ. ಇವೆರಡು ಪರಸ್ಪರ ವಿರುದ್ಧವೆಂದು ಹೇಳುವವರಿದ್ದಾರೆ. ಮೊದಲನೆಯದು ಬೋರ್ಡ್ ಔಟ್ ಆದವನದ್ದು, ಎರಡನೆಯದು ಅವಧಿ ಮುಗಿಸಿದವನದ್ದು ಎಂದು ಬಿಡಿಸಿ ಓದಿದರೆ ಎರಡೂ ನಿಲ್ಲುತ್ತವೆ.

ರಜೆಯಲ್ಲಿ ಊರಿಗೆ ಬಂದಾಗಿನ ಅಪಘಾತ ಹೆದ್ದಾರಿಯ ಮೇಲಿನ ಹಿರಿಯೂರು, ಚಿತ್ರದುರ್ಗಗಳಂಥ ಊರುಗಳಿಗೆ ಹತ್ತಿರದ ಪ್ರಶ್ನೆ. 1999ರ ಮದನ್ ಸಿಂಗ್ ಶೇಖಾವತ್ ತೀರ್ಪು, ರಜೆಗೆ ಸ್ವಂತ ಖರ್ಚಿನಲ್ಲಿ ಮನೆಗೆ ಹೊರಟ ಸೈನಿಕನ ಪ್ರಯಾಣವನ್ನು ಕರ್ತವ್ಯವೆಂದೇ ಎಣಿಸಿತು. ಮನೆ ತಲುಪಿದ ಮೇಲೆ ಸ್ಕೂಟರ್ ಅಪಘಾತದಲ್ಲಿ ಗಾಯಗೊಂಡವನಿಗೆ 2011ರ ಜುಝಾರ್ ಸಿಂಗ್ ಪ್ರಕರಣದಲ್ಲಿ ಪಿಂಚಣಿ ಸಿಗಲಿಲ್ಲ. ರೈಲು ನಿಲ್ದಾಣಕ್ಕೂ ಮನೆಯ ಜಗುಲಿಗೂ ನಡುವೆ ಎಲ್ಲೋ ಕಾನೂನಿನ ಗಡಿ ಬಿದ್ದಿದೆ.

ಇಂಥ ವ್ಯಾಜ್ಯಗಳಿಗೆ ಈಗಿನ ವೇದಿಕೆ, 2007ರ ಕಾಯ್ದೆಯಂತೆ 2009ರಲ್ಲಿ ಆರಂಭವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಅದರ ಕೊಚ್ಚಿ ಪೀಠಕ್ಕೆ ಸೇರಿತು. ಅದಕ್ಕೆ ಮುಂಚೆ ಬೆಂಗಳೂರಿನ ಹೈಕೋರ್ಟಿಗೆ ಹೋಗುತ್ತಿದ್ದ ಹೊಸದುರ್ಗದ ಅರ್ಜಿ ಕೇರಳದ ಕಡೆ ತಿರುಗಿತು. ನ್ಯಾಯಮಂಡಳಿಯಲ್ಲಿ ಸೋತವರು ಹೈಕೋರ್ಟಿಗೆ ಹೋಗುವಂತಿಲ್ಲ ಎಂದು 2015ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರ ಮಾರ್ಚ್ 21ರಂದು ರಿಟ್ ಬಾಗಿಲನ್ನು ಮತ್ತೆ ತೆರೆಯಿತು. ದೂರದ ದೆಹಲಿಗೆ ಹೋಗಿ ವಕೀಲರನ್ನು ಹಿಡಿಯಲಾಗದ ಸಿಪಾಯಿಗೆ ಇದು ಎಷ್ಟೋ ತೀರ್ಪುಗಳಿಗಿಂತ ದೊಡ್ಡದು.

ಹೊರಗಿನ ಹೋಲಿಕೆ

ಸೇವಾ ಅಂಶಕ್ಕೆ ವೈಕಲ್ಯ ಅಂಶವನ್ನು ಕೂಡಿಸುವ ಭಾರತದ ಕ್ರಮಕ್ಕೆ ಅಮೆರಿಕದ್ದು ತಿರುಗುಮುರುಗು. ಅಲ್ಲಿ ನಿವೃತ್ತಿ ವೇತನ ಒಂದು ಇಲಾಖೆಯದ್ದು, ವೈಕಲ್ಯ ಪರಿಹಾರ ಇನ್ನೊಂದರದ್ದು. ಪರಿಹಾರ ಪಡೆದಷ್ಟೂ ಡಾಲರುಗಳನ್ನು ನಿವೃತ್ತಿ ವೇತನದಿಂದ ಕಳೆಯುವ ಪದ್ಧತಿ ಬಹುಕಾಲ ನಡೆಯಿತು. ಯುದ್ಧಸಂಬಂಧಿ ವೈಕಲ್ಯದವರಿಗೆ 2003ರಿಂದ, ಶೇ 50 ಮತ್ತು ಮೇಲ್ಪಟ್ಟ ವೈಕಲ್ಯವಿದ್ದು ಪೂರ್ಣ ಸೇವೆ ಮಾಡಿದವರಿಗೆ 2004ರಿಂದ ಹಂತಹಂತವಾಗಿ ಆ ಕಡಿತ ಇಳಿಯಿತು. ಭಾರತದಲ್ಲಿ ಮೊದಲಿನಿಂದಲೂ ಎರಡು ಅಂಶಗಳು ಕೂಡುತ್ತವೆ, ಒಂದು ಇನ್ನೊಂದನ್ನು ತಿನ್ನುವುದಿಲ್ಲ. ಇಲ್ಲಿನ ಜಗಳ ಕೂಡುವ ಅಂಶ ಸಿಗುತ್ತದೆಯೋ ಇಲ್ಲವೋ ಎಂಬುದರ ಮೇಲೆ.

2016ರಿಂದ ಈಚೆಗೆ

ಏಳನೇ ವೇತನ ಆಯೋಗ ಶೇಕಡಾ ದರವನ್ನು ಬಿಟ್ಟು, ಶೇ 100 ವೈಕಲ್ಯಕ್ಕೆ ಅಧಿಕಾರಿಗಳಿಗೆ 27,000, ಜೆಸಿಒಗಳಿಗೆ (ಕಿರಿಯ ಕಮಿಷನ್ಡ್ ಅಧಿಕಾರಿಗಳಿಗೆ) 17,000, ಇತರ ದರ್ಜೆಯವರಿಗೆ 12,000 ರೂಪಾಯಿಗಳ ನಿಗದಿತ ಮೊತ್ತ ಶಿಫಾರಸು ಮಾಡಿತು. 2016ರ ಸೆಪ್ಟೆಂಬರ್ 30ರಂದು ಸಚಿವಾಲಯ ಇದನ್ನು ಜಾರಿಗೆ ತರುವ ಪತ್ರ ಹೊರಡಿಸಿದಾಗ ದೊಡ್ಡ ಗದ್ದಲವಾಯಿತು. ಗಡಿಯಾಚೆಗಿನ ಸರ್ಜಿಕಲ್ ಸ್ಟ್ರೈಕ್ ಸುದ್ದಿಯಾದ ಮರುದಿನವದು. ಮರುವರ್ಷ ಸರ್ಕಾರ ಶೇಕಡಾ ಪದ್ಧತಿಯನ್ನೇ ಉಳಿಸಿಕೊಂಡಿತು. 2019ರ ಜೂನ್ 24ರ ಆದಾಯ ತೆರಿಗೆ ಸುತ್ತೋಲೆ, ತೆರಿಗೆ ವಿನಾಯಿತಿ ಬೋರ್ಡ್ ಔಟ್ ಆದವರಿಗೆ ಮಾತ್ರ ಎಂದಿತು. ಆ ವರ್ಷವೇ ಸುಪ್ರೀಂ ಕೋರ್ಟ್ ಯಥಾಸ್ಥಿತಿಗೆ ಆದೇಶಿಸಿತು. ಹತ್ತು ವರ್ಷ ತುಂಬದೆ ಹೊರಬಂದವರಿಗೆ 2020ರ ಜುಲೈ ಆದೇಶ ಬೇರೊಂದು ದಾರಿ ಮಾಡಿತು: ವೈಕಲ್ಯ ಸೇವೆಗೆ ಸಂಬಂಧಿಸಿದ್ದಲ್ಲದಿದ್ದರೂ, ಮಿಲಿಟರಿ ಕೆಲಸಕ್ಕೂ ಸಿವಿಲ್ ಕೆಲಸಕ್ಕೂ ಶಾಶ್ವತವಾಗಿ ಅನರ್ಹನಾದವನಿಗೆ ಅಶಕ್ತತಾ ಪಿಂಚಣಿ. ಇದು ವೈಕಲ್ಯ ಪಿಂಚಣಿಯಲ್ಲ, ಹಳ್ಳಿಗಳಲ್ಲಿ ಎರಡನ್ನೂ ಒಂದೇ ಎಂದು ತಿಳಿಯುವುದುಂಟು.

2023ರಲ್ಲಿ ಮಹಾಲೇಖಪಾಲರ ವರದಿ, ನಿವೃತ್ತರಾಗುವ ಅಧಿಕಾರಿಗಳಲ್ಲಿ ಶೇ 36ರಿಂದ 40, ಇತರ ದರ್ಜೆಗಳಲ್ಲಿ ಶೇ 15ರಿಂದ 18 ಮಂದಿ ವೈಕಲ್ಯ ಅಂಶದೊಂದಿಗೆ ಹೊರಹೋಗುತ್ತಿದ್ದಾರೆಂದು ಎತ್ತಿ ತೋರಿಸಿತು. ಜೀವನಶೈಲಿಯ ರೋಗಗಳ ಮೇಲೆ ಬೆರಳು ನೆಟ್ಟಿತು. ಅದೇ ವರ್ಷ ಸೆಪ್ಟೆಂಬರ್ 21ರಂದು ಹೊಸ ಅರ್ಹತಾ ನಿಯಮಗಳೂ ವೈದ್ಯಾಧಿಕಾರಿಗಳ ಹೊಸ ಕೈಪಿಡಿಯೂ ಹೊರಬಂದವು. ಸೇವೆಯಲ್ಲಿ ಮುಂದುವರಿದು ನಿವೃತ್ತರಾಗುವವರ ಹಣಕ್ಕೆ ವೈಕಲ್ಯ ಅಂಶವೆಂಬ ಹೆಸರು ಹೋಗಿ ಬೇರೆ ಹೆಸರು ಬಂತು. ಸಿಪಾಯಿ ಸಂಘಟನೆಗಳ ಆಕ್ಷೇಪ ಸರಳ: ಅಧಿಕಾರಿಗಳ ಅಂಕಿ ತೋರಿಸಿ ಗಡಿಯಲ್ಲಿ ನಿಂತವನ ಕೈಗೂ ಕತ್ತರಿ ಹಾಕಲಾಯಿತು. ಹೊಸ ನಿಯಮ ಆ ದಿನದ ನಂತರ ಹೊರಬರುವವರಿಗಷ್ಟೇ. ಅದಕ್ಕೂ ಹಿಂದಿನವರ ಕಡತ ಹೊರಬಂದ ಕಾಲದ ನಿಯಮದಂತೆಯೇ ನಡೆಯುತ್ತದೆ. 1982ರ ಅರ್ಹತಾ ನಿಯಮಗಳ ಜಾಗಕ್ಕೆ ಬಂದಿದ್ದ 2008ರ ನಿಯಮಗಳ ಅಡಿಯ ಒಂದು ಪ್ರಕರಣದಲ್ಲಿ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ರೋಗ ಶಾಂತಿ ನೆಲೆಯಲ್ಲಿ ಕಾಣಿಸಿಕೊಂಡಿತೆಂಬ ಒಂದೇ ಮಾತಿನಿಂದ ಪಿಂಚಣಿ ತಿರಸ್ಕರಿಸುವಂತಿಲ್ಲ, ಕಾರಣ ತೋರಿಸುವ ಹೊಣೆ ಬೋರ್ಡಿನದ್ದೇ ಎಂದು ಹೇಳಿದೆ. ಈಗ ಪಿಪಿಒಗಳು ಸ್ಪರ್ಶ್ ಎಂಬ ಗಣಕ ವ್ಯವಸ್ಥೆಗೆ ಬಂದಿದ್ದು, ಶೇಕಡಾ ಯಾವುದು, ದುಂಡು ಮಾಡಿದ್ದು ಯಾವುದು, ವರ್ಗ ಯಾವುದು ಎಂಬುದನ್ನು ಪಿಂಚಣಿದಾರ ತನ್ನ ಖಾತೆ ತೆರೆದು ನೋಡಬಹುದು.